ತಲೆ ಎತ್ತಿ ಓಡುವ ಲ್ಯಾಬ್‌ಗೆ ಜಾಡು ಕಲಿಸುವುದು

ಸಕಲೇಶಪುರದ ತೋಟದಲ್ಲಿ ನಿಮ್ಮ 10 ತಿಂಗಳ ಲ್ಯಾಬ್ರಡಾರ್ ನಾಯಿ 20 ಹೆಜ್ಜೆ ವಾಸನೆಯ ಜಾಡು ಹಿಡಿದು, ಆಮೇಲೆ ತಲೆ ಎತ್ತಿ ಓಡುತ್ತದೆ ಅಂದಿದ್ದೀರಿ. ನಾಯಿಯ ತಪ್ಪಲ್ಲ. ಜಾಡು ಉದ್ದವಾಗಿದೆ, ಅದರ ಮೇಲೆ ಉದುರಿಸಿದ ತಿಂಡಿ ದೂರ ದೂರ ಬಿದ್ದಿದೆ.

ಕಾಫಿ ಸಾಲು ಸದ್ಯಕ್ಕೆ ಬಿಡಿ, ಆಳುಗಳ ಓಡಾಟದ ವಾಸನೆ ಅಲ್ಲಿ ಕಲಸಿಹೋಗಿರುತ್ತದೆ. ಔಷಧಿ ಹೊಡೆದ ಕಡೆಯಂತೂ ಬೇಡವೇ ಬೇಡ. ಇಬ್ಬನಿ ಆರುವ ಮೊದಲು, ಯಾರೂ ತುಳಿಯದ ಹುಲ್ಲಿನಲ್ಲಿ ಮಾಡಿ. ಒಂದು ಮೀಟರ್ ಚೌಕ ಚೆನ್ನಾಗಿ ತುಳಿದು, ಕಡಲೆಕಾಳಿನಷ್ಟು ಬೆಂದ ಕೋಳಿ ಚೂರು ಹತ್ತು ಹನ್ನೆರಡು ಉದುರಿಸಿ. ಅಲ್ಲಿಂದ ನೇರಕ್ಕೆ 15 ಹೆಜ್ಜೆ, ಪ್ರತಿ ಹಿಮ್ಮಡಿ ಗುರುತಿಗೂ ಒಂದು ಚೂರು. ಗಾಳಿ ಬೆನ್ನಿಗಿರಲಿ, ಎದುರುಗಾಳಿಯಾದರೆ ಮುಂದಿನ ತಿಂಡಿಯ ವಾಸನೆ ತೇಲಿ ಬಂದು ಮೂಗು ಮೇಲೇಳುತ್ತದೆ. ವಾಪಸು ಅದೇ ದಾರಿಯಲ್ಲಿ ಬರಬೇಡಿ, ದೂರದಿಂದ ಸುತ್ತಿ ಬನ್ನಿ.

ಹತ್ತು ನಿಮಿಷ ಬಿಟ್ಟು, ಹಸಿದ ಹೊಟ್ಟೆಯಲ್ಲೇ ಕರೆತನ್ನಿ. ಕೊರಳಪಟ್ಟಿ ಬೇಡ, ಎದೆಪಟ್ಟಿ ಮತ್ತು 5 ಮೀಟರ್ ಹಗ್ಗ. ತಲೆ ಎತ್ತಿತೋ, ನಿಂತುಬಿಡಿ. ಎಳೆಯಬೇಡಿ, ಗದರಬೇಡಿ, ಮೂಗು ನೆಲಕ್ಕಿಳಿದ ಕ್ಷಣ ಹಗ್ಗ ಸಡಿಲಿಸಿ. ಪಾಪ, ಅದಕ್ಕೆ ಅಷ್ಟೇ ಸೂಚನೆ ಸಾಕು. ಸತತ ಐದಾರು ದಿನ ಒಂದು ಚೂರನ್ನೂ ಬಿಡದೆ ಹೆಕ್ಕಿದರೆ ಎರಡು ಹೆಜ್ಜೆಗೊಂದು ಮಾಡಿ. ತಿರುವು ಅದಾದ ಮೇಲೆ. ಮಳೆಗಾಲದಲ್ಲಿ ಮುಗಿದ ಕೂಡಲೇ ಬೆರಳ ಸಂದಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಇಂಬಳ (ಜಿಗಣೆ) ಇದೆಯಾ ನೋಡಿ.