ನಗರ ದಾಟುವ ದಾರಿ ಮೊದಲು, ದೂರ ಆಮೇಲೆ

ದೊಡ್ಡ ನಗರದಿಂದ ಹೊರಟು ದೂರದ ಸೈಕಲ್ ಸವಾರಿ ಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲೆರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಕೇಳಿರುವ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ: ದಿನಾ ಕಚೇರಿಗೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ರಜೆಯ ದಿನ 40 ಕಿ.ಮೀ. ತುಳಿದರೂ ಅಷ್ಟೇನೂ ಆಯಾಸವಾಗುವುದಿಲ್ಲ. ನಗರದ ಹೊರಗೆ ಹೋಗಿ 100 ಕಿ.ಮೀ. ಮುಗಿಸಿ ಬರಬೇಕೆಂಬ ಆಸೆ. ತಯಾರಿ ಎಲ್ಲಿಂದ ಶುರು ಮಾಡಲಿ?

ಉತ್ತರ: ಕಿಲೋಮೀಟರ್ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ, ಗಡಿಯಾರ ನೋಡಿ. 40 ಕಿ.ಮೀ. ಸಲೀಸಾಗಿ ತುಳಿಯುವವರಿಗೆ 100 ಕಿ.ಮೀ. ಅಸಾಧ್ಯವೇನಲ್ಲ. ಮುಂದಿನ ಕೆಲವು ರಜೆಗಳಲ್ಲಿ 55, 70, 85 ಎಂದು ಏರಿಸುತ್ತ ಹೋದರೆ ದೇಹ ಒಗ್ಗಿಕೊಳ್ಳುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಕಾಲಿನ ಬಲದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಮನೆಯಿಂದ ನಗರದ ಅಂಚಿಗೆ 20 ಕಿ.ಮೀ. ಎಂದಿಟ್ಟುಕೊಳ್ಳೋಣ. ಹೋಗಿ ಬರಲು 40 ಕಿ.ಮೀ. ನಗರದೊಳಗೇ ಆಯಿತು. ಸಿಗ್ನಲ್, ತಿರುವು, ದಟ್ಟಣೆಗಳ ನಡುವೆ ಸರಾಸರಿ ಗಂಟೆಗೆ 14 ಕಿ.ಮೀ. ದಾಟುವುದು ಕಷ್ಟ. ಅದಕ್ಕೇ 2 ಗಂಟೆ 50 ನಿಮಿಷ ಬೇಕು. ಹೊರಗಿನ 60 ಕಿ.ಮೀ. ಅನ್ನು ಗಂಟೆಗೆ 18ರಂತೆ ಹೋದರೆ 3 ಗಂಟೆ 20 ನಿಮಿಷ. ದಾರಿಯಲ್ಲಿ ಒಟ್ಟು 600 ಮೀಟರ್ ಏರು ಇದ್ದರೆ, ಪ್ರತಿ 100 ಮೀಟರಿಗೆ 10 ನಿಮಿಷದಂತೆ ಇನ್ನೊಂದು ಗಂಟೆ ಸೇರಿಸಿ. ತುಳಿದ ಪ್ರತಿ ಗಂಟೆಗೆ 10 ನಿಮಿಷ ನಿಲ್ಲುತ್ತೀರಿ ಎಂದುಕೊಂಡರೆ ಮತ್ತೆ ಸುಮಾರು 1 ಗಂಟೆ 10 ನಿಮಿಷ. ಒಂದು ಪಂಕ್ಚರ್‌ಗೆಂದು ಅರ್ಧ ಗಂಟೆ ಕೈಯಲ್ಲಿರಲಿ. ಎಲ್ಲ ಕೂಡಿದರೆ 8 ಗಂಟೆ 50 ನಿಮಿಷ. ಬೆಳಿಗ್ಗೆ 5.30ಕ್ಕೆ ಬಿಟ್ಟರೆ ಮಧ್ಯಾಹ್ನ ಎರಡು ದಾಟಿದ ಮೇಲೆ ಮನೆ. ‘ಗಂಟೆಗೆ 20 ಕಿ.ಮೀ., ಐದು ಗಂಟೆಯಲ್ಲಿ ಮುಗಿಯಿತು’ ಎಂದು ಎಂಟು ಗಂಟೆಗೆ ಹೊರಡುವವರು ಸುಡುಬಿಸಿಲಿನಲ್ಲೋ ಸಂಜೆಯ ದಟ್ಟಣೆಯಲ್ಲೋ ಸಿಕ್ಕಿಬೀಳುತ್ತಾರೆ.

ದೂರದ ಸವಾರಿಯಲ್ಲಿ ಪಳಗಿದವರ ಲೆಕ್ಕವೂ ಹೀಗೇ. ಬ್ರೆವೆ ಎಂದು ಕರೆಯುವ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷದ ಗಡುವು. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಫ್ರಾನ್ಸಿನ ಸವಾರಿಯ 1200 ಕಿ.ಮೀ.ಗೆ ಇವತ್ತು ಹೆಚ್ಚೆಂದರೆ 90 ಗಂಟೆ. ಊಟ, ನಿದ್ದೆ, ರಿಪೇರಿ ಎಲ್ಲವೂ ಆ ಗಡುವಿನೊಳಗೇ ಮುಗಿಯಬೇಕು. ಅಲ್ಲಿ ಗಡಿಯಾರ ನಿಲ್ಲುವುದೇ ಇಲ್ಲ, ನಿಮ್ಮ ಯೋಜನೆಯಲ್ಲೂ ನಿಲ್ಲಬಾರದು.

ಹೊತ್ತು ಗೊತ್ತಾದ ಮೇಲೆ ದಿಕ್ಕು. ಇದನ್ನು ಗಾಳಿ ನೋಡಿ ಆರಿಸಿ. ಗಂಟೆಗೆ 20 ಕಿ.ಮೀ. ಹೋಗುತ್ತಿರುವಾಗ 15 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ, ಗಾಳಿ ಒಡ್ಡುವ ತಡೆ ಗಾಳಿಯಿಲ್ಲದ ಹೊತ್ತಿಗಿಂತ ಮೂರು ಪಟ್ಟು. ನೆಲ ಕಾದು ಮೇಲಿನ ವೇಗದ ಗಾಳಿ ಕೆಳಗಿಳಿಯುವುದರಿಂದ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ಜೋರು. ಹಾಗಾಗಿ ಬೆಳಗಿನ ತಾಜಾ ಕಾಲಿನಲ್ಲಿ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಬೆನ್ನಿಗೆ ಗಾಳಿ ಇಟ್ಟುಕೊಳ್ಳಿ. ಹವಾಮಾನ ವರದಿಯಲ್ಲಿ ಮಳೆಯನ್ನಷ್ಟೇ ನೋಡಿ ಮುಚ್ಚಿಡುತ್ತೇವಲ್ಲ, ಸೈಕಲ್ಲಿಗರಿಗೆ ಅದಕ್ಕಿಂತ ಮುಖ್ಯವಾದ ಸಾಲು ಗಾಳಿಯದು.

ನಿಮ್ಮಲ್ಲಿ ಸೈಕಲ್ ಸಮೇತ ರೈಲು ಹತ್ತಲು ಅವಕಾಶವಿದ್ದರೆ ಖಂಡಿತ ಬಳಸಿಕೊಳ್ಳಿ. ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಯಾವ ಹೊತ್ತಿನಲ್ಲಿ ಬಿಡುವುದಿಲ್ಲ ಎಂದು ಮೊದಲೇ ವಿಚಾರಿಸಿ. ಅಂಚಿನ ನಿಲ್ದಾಣದವರೆಗೆ ರೈಲಿನಲ್ಲಿ ಹೋದರೆ ಸವಾರಿ ಅಪೂರ್ಣವಾಯಿತು ಎಂದು ಕೆಲವರು ಕೊರಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಗೆ ಕುಡಿಯುತ್ತ ಕಳೆಯುವ ಮೂರು ಗಂಟೆಯನ್ನು ಒಳ್ಳೆಯ ರಸ್ತೆಯಲ್ಲಿ ಕಳೆದರೆ ನಷ್ಟವೇನು?

ಪ್ರಶ್ನೆ: ಮೊಬೈಲ್ ಮ್ಯಾಪ್ ತೋರಿಸಿದ ಸೈಕಲ್ ದಾರಿಯಲ್ಲಿ ಹೋದೆ. ಒಂದು ಕಡೆ ಬೀಗ ಹಾಕಿದ ಗೇಟು. ಬಳಸಿಕೊಂಡು ಹೋದರೆ ಲಾರಿಗಳು ಹಾರಿಹೋಗುವ ಹೆದ್ದಾರಿಗೆ ಬಂದುಬಿಟ್ಟೆ. ಹೋಗುವ ಮೊದಲೇ ದಾರಿ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಆ್ಯಪ್‌ಗೆ ಎರಡು ಬಿಂದು ಕೊಟ್ಟು ನಡುವಿನದನ್ನೆಲ್ಲ ಅದರ ಪಾಲಿಗೆ ಬಿಟ್ಟರೆ ಹೀಗಾಗುತ್ತದೆ. ಕ್ರಮವನ್ನು ತಿರುಗಿಸಿ. ನಗರದ ಸುತ್ತ ದಾಟಲೇಬೇಕಾದ ಅಡ್ಡಿಗಳನ್ನು ಮೊದಲು ಗುರುತು ಮಾಡಿಕೊಳ್ಳಿ: ವರ್ತುಲ ರಸ್ತೆ, ರೈಲು ಹಳಿ, ನದಿ ಅಥವಾ ಕಾಲುವೆ, ವಿಮಾನ ನಿಲ್ದಾಣದಂಥ ಬೇಲಿ ಹಾಕಿದ ದೊಡ್ಡ ಜಾಗ. ಇವುಗಳನ್ನು ದಾಟಲು ಇರುವುದು ಕೆಲವೇ ಜಾಗಗಳು. ಅವುಗಳಲ್ಲಿ ಸೈಕಲ್ಲಿಗೆ ನೆಮ್ಮದಿಯ ಜಾಗ ಒಂದೋ ಎರಡೋ. ಆ ಜಾಗಗಳನ್ನು ಮ್ಯಾಪಿನ ಮೇಲೆ ಗುರುತಿಸಿ, ಆಮೇಲೆ ಒಂದರಿಂದ ಇನ್ನೊಂದಕ್ಕೆ ಸಣ್ಣ ರಸ್ತೆಗಳನ್ನು ಜೋಡಿಸಿ.

ಎಲ್ಲಕ್ಕಿಂತ ಅಪಾಯದ ಜಾಗ, ನಗರದಿಂದ ಹೊರಡುವ ಮುಖ್ಯ ರಸ್ತೆ ವರ್ತುಲ ರಸ್ತೆಯನ್ನು ಸಂಧಿಸುವ ಕೂಡುದಾರಿ. ನೀವು ನೇರ ಹೋಗುತ್ತಿರುತ್ತೀರಿ. ಪಕ್ಕದ ವಾಹನಗಳು ನಿಮ್ಮನ್ನು ಅಡ್ಡ ಹಾಯ್ದು ಇಳಿದಾರಿಗೆ ನುಗ್ಗುತ್ತವೆ, ಅದೇ ಹೊತ್ತಿಗೆ ಇನ್ನೊಂದು ಬದಿಯಿಂದ ಬೇರೆ ವಾಹನಗಳು ವೇಗವಾಗಿ ಬಂದು ಸೇರುತ್ತವೆ. ಅದರಿಂದ ಒಂದೆರಡು ಕಿ.ಮೀ. ಆಚೆ ಈಚೆ ನೋಡಿ. ಹಳೆಯ ಊರ ರಸ್ತೆಯೊಂದು ಕೆಳಸೇತುವೆಯಲ್ಲೋ ಮೇಲ್ಸೇತುವೆಯಲ್ಲೋ ಸುಮ್ಮನೆ ದಾಟಿಕೊಂಡು ಹೋಗಿರುವುದು ಎಷ್ಟೋ ಸಲ ಸಿಗುತ್ತದೆ. ಅದಕ್ಕಾಗಿ ಮೂರು ಕಿ.ಮೀ. ಸುತ್ತಿದರೂ ಲಾಭವೇ.

ದಾರಿ ಸಿದ್ಧವಾದ ಮೇಲೆ ಉಪಗ್ರಹ ಚಿತ್ರದಲ್ಲಿ ಅದನ್ನು ಉದ್ದಕ್ಕೂ ನೋಡಿ. ರಸ್ತೆಯ ಬಣ್ಣ ಕಪ್ಪಿನಿಂದ ಕಂದುಬಣ್ಣಕ್ಕೆ ತಿರುಗಿದರೆ ಅಲ್ಲಿಂದ ಮಣ್ಣಿನ ದಾರಿ. ಬದಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದರೆ ಗೋದಾಮೋ ಕ್ವಾರಿಯೋ ಹತ್ತಿರದಲ್ಲಿದೆ ಎಂದರ್ಥ. ರಸ್ತೆಮಟ್ಟದ ಫೋಟೋ ಸಿಗುವ ಕಡೆ ರಸ್ತೆಯಂಚನ್ನು ಗಮನಿಸಿ: ಬಿಳಿ ಗೆರೆಯ ಆಚೆ ಡಾಂಬರು ಇದೆಯೋ, ನೇರ ಚರಂಡಿಗೆ ಇಳಿಯುತ್ತದೋ? 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಯ ಮೇಲ್ಮೈ, ಗೇಟು, ಸೈಕಲ್ಲಿಗೆ ಅನುಮತಿ ಇವನ್ನೆಲ್ಲ ಸ್ವಯಂಸೇವಕರೇ ಗುರುತಿಸುತ್ತಾರೆ. ಹಲವು ಸೈಕಲ್ ಆ್ಯಪ್‌ಗಳು ಬಳಸುವುದು ಇದೇ ಮಾಹಿತಿಯನ್ನು. ಯಾರೂ ಗೇಟನ್ನು ಗುರುತಿಸಿಲ್ಲದಿದ್ದರೆ ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ. ನಿಮಗೆ ಸಿಕ್ಕ ಗೇಟನ್ನು ನೀವೇ ಅಲ್ಲಿ ಸೇರಿಸಿ, ಮುಂದೆ ಬರುವವರಿಗೆ ಉಪಕಾರವಾಗುತ್ತದೆ. ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್ ಕೂಡ ನೋಡಬಹುದು. ಸವಾರರು ಎಲ್ಲಿ ಹೆಚ್ಚು ಓಡಾಡುತ್ತಾರೆ ಎಂದು ಅದು ಹೇಳುತ್ತದೆ, ಆದರೆ ಅದನ್ನಷ್ಟೇ ನಂಬಬೇಡಿ. ನಸುಕಿನಲ್ಲಿ ಖಾಲಿ ಇರುವ ರಸ್ತೆ ಹತ್ತು ಗಂಟೆಗೆ ಬೇರೆಯೇ ಆಗಿರುತ್ತದೆ.

ಕೊನೆಗೆ, ಇದನ್ನು ಮಾತ್ರ ಬಿಡಬೇಡಿ: ದೂರದ ಸವಾರಿಗೆ ಒಂದು ವಾರ ಮೊದಲು, ಹೊರಡಬೇಕೆಂದಿರುವ ಹೊತ್ತಿಗೇ ಹೊರಟು ನಗರ ದಾಟುವಷ್ಟನ್ನು ಮಾತ್ರ ತುಳಿದು ವಾಪಸು ಬನ್ನಿ. ದಾರಿಯನ್ನು ಜಿಪಿಎಕ್ಸ್ (ಮ್ಯಾಪ್ ಆ್ಯಪ್‌ಗಳು ಓದಬಲ್ಲ ದಾರಿಯ ದಾಖಲೆ) ಫೈಲಾಗಿ ಮೊಬೈಲಿನಲ್ಲಿ ಇಳಿಸಿಕೊಂಡಿರಿ, ನೆಟ್‌ವರ್ಕ್ ಕೈಕೊಟ್ಟರೂ ದಾರಿ ತಪ್ಪುವುದಿಲ್ಲ. ಮುಖ್ಯ ತಿರುವುಗಳನ್ನು ಒಂದು ಚೀಟಿಯಲ್ಲೂ ಬರೆದುಕೊಳ್ಳಿ.

ಪ್ರಶ್ನೆ: 60–70 ಕಿ.ಮೀ.ವರೆಗೆ ಚೆನ್ನಾಗಿಯೇ ಇರುತ್ತೇನೆ. ಆಮೇಲೆ ಇದ್ದಕ್ಕಿದ್ದಂತೆ ಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗಿ ತಲೆ ಸುತ್ತುತ್ತದೆ. ನೀರು ಸಾಕಷ್ಟು ಕುಡಿಯುತ್ತೇನೆ. ಕಾರಣವೇನು?

ಉತ್ತರ: ನೀರಿನ ಬಗ್ಗೆ ಬರೆದಿದ್ದೀರಿ, ತಿನ್ನುವುದರ ಬಗ್ಗೆ ಒಂದು ಮಾತೂ ಇಲ್ಲ. ಬಹುಶಃ ಕಾರಣ ಅಲ್ಲಿಯೇ ಇದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ಸುಮಾರು 400–500 ಗ್ರಾಂ ಅಷ್ಟೆ. ಕೆಲವು ಗಂಟೆ ಬಿರುಸಾಗಿ ತುಳಿದರೆ ಅದು ಬರಿದಾಗುತ್ತದೆ. ಹಸಿವಾದ ಮೇಲೆ ತಿಂದರೆ ಹೊತ್ತು ಮೀರಿರುತ್ತದೆ. ಮೊದಲ 45 ನಿಮಿಷದೊಳಗೇ ಶುರು ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಲಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿಕೊಂಡರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಗಂಟೆಗಟ್ಟಲೆ ಬೆವರು ಹರಿಸುತ್ತ ಬರೀ ನೀರನ್ನು ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಇದು ಪ್ರಾಣಕ್ಕೇ ಅಪಾಯ ತರಬಲ್ಲದು. ನಿಮಗೆ ಎಷ್ಟು ನೀರು ಬೇಕೆಂದು ತಿಳಿಯಲು ಸವಾರಿಗೆ ಮೊದಲು ಮತ್ತು ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕಡಿಮೆ ಕುಡಿದಿದ್ದೀರಿ ಎಂದು. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ಸರಿಯಾಗಿ ತಿಂದೂ ತಲೆಸುತ್ತು ಬರುತ್ತಿದ್ದರೆ ವೈದ್ಯರನ್ನು ಕಾಣುವವರೆಗೆ ದೂರದ ಸವಾರಿ ಬೇಡ.

ಪ್ರಶ್ನೆ: ಊರಾಚೆ ಪಂಕ್ಚರ್ ಆದರೆ ಗತಿಯೇನು ಎಂಬ ಭಯ. ಏನೇನು ಜೊತೆಗಿರಬೇಕು?

ಉತ್ತರ: ಎರಡು ಹೊಸ ಟ್ಯೂಬ್, ಪ್ಯಾಚ್–ಸೊಲ್ಯೂಷನ್, ಎರಡು ಟೈರ್ ಲಿವರ್, ನಿಮ್ಮ ವಾಲ್ವಿಗೆ ಹೊಂದುವ ಪಂಪ್, ಅಲೆನ್ ಕೀಗಳ ಗೊಂಚಲು, ಚೈನ್ ಬಿಚ್ಚುವ ಸಾಧನ ಮತ್ತು ತುಂಡಾದ ಚೈನನ್ನು ಜೋಡಿಸುವ ಒಂದು ಕ್ವಿಕ್ ಲಿಂಕ್. ತೆಳುವಾದ ಪ್ರೆಸ್ಟಾ ವಾಲ್ವಿಗೆ, ಕಾರಿನಂಥ ದಪ್ಪ ವಾಲ್ವಿಗೆ ಹೊಂದುವ ಶ್ರೇಡರ್ ಪಂಪ್ ಕೂರುವುದಿಲ್ಲ, ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ಸಾಮಾನಿಗಿಂತ ಕೈಯ ಅಭ್ಯಾಸ ಮುಖ್ಯ. ಟ್ಯೂಬ್ ಬದಲಿಸಿ ಹತ್ತೇ ನಿಮಿಷಕ್ಕೆ ಮತ್ತೆ ಗಾಳಿ ಹೋಗುವುದುಂಟು. ಏಕೆಂದರೆ ಮುಳ್ಳು ಇನ್ನೂ ಟೈರಿನಲ್ಲೇ ಇರುತ್ತದೆ. ಹಳೆಯ ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ಕಿವಿಗೆ ಕೇಳದ ಸಣ್ಣ ತೂತೂ ಚರ್ಮಕ್ಕೆ ತಣ್ಣಗೆ ತಾಗುತ್ತದೆ. ವಾಲ್ವನ್ನು ಗುರುತಾಗಿಟ್ಟುಕೊಂಡು ಟ್ಯೂಬನ್ನು ಟೈರಿನ ಪಕ್ಕ ಹಿಡಿದರೆ ಮುಳ್ಳು ಎಲ್ಲಿದೆಯೆಂದು ತಿಳಿಯುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ, ಎಳೆ ಸಿಕ್ಕಿಕೊಂಡ ಕಡೆ ನೋಡಿ. ಕೂದಲೆಳೆಯಷ್ಟು ತೆಳುವಾದ ತಂತಿಯ ಚೂರೂ ಸಾಕು. ತೂತುಗಳು ಅಕ್ಕಪಕ್ಕ ಎರಡಿದ್ದರೆ ಅದು ಮುಳ್ಳಲ್ಲ. ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದಾಗ ಟ್ಯೂಬ್ ಟೈರು ಮತ್ತು ರಿಮ್ಮಿನ ನಡುವೆ ಸಿಕ್ಕಿ ತೂತಾಗಿದೆ. ಪ್ಯಾಚ್ ಅಂಟಿಸುವಾಗ ಸೊಲ್ಯೂಷನ್ ಪೂರ್ತಿ ಒಣಗುವವರೆಗೆ ಕಾಯಿರಿ, ಹಸಿಯಿದ್ದಾಗ ಒತ್ತಿದರೆ ನಿಲ್ಲುವುದಿಲ್ಲ. ಒಂದು ಸಂಜೆ ಮನೆಯಲ್ಲೇ ಹಿಂಬದಿ ಚಕ್ರ ಬಿಚ್ಚಿ ಇದಿಷ್ಟನ್ನೂ ಮಾಡಿ ನೋಡಿದರೆ ಭಯ ತಾನಾಗಿ ಹೋಗುತ್ತದೆ.

ಪ್ರಶ್ನೆ: ಮಗಳು ಒಬ್ಬಳೇ ದೂರ ಸೈಕಲ್ ಹೊಡೆಯಲು ಹೊರಡುತ್ತಾಳೆ. ಬೇಡ ಎನ್ನಲು ಮನಸ್ಸಿಲ್ಲ, ಆದರೆ ಬರುವುದು ತಡವಾದರೆ ಜೀವ ಹೋದಂತಾಗುತ್ತದೆ. ಏನು ಹೇಳಿ ಕಳಿಸಲಿ?

ಉತ್ತರ: ಬೇಡ ಎನ್ನದಿರುವುದು ಒಳ್ಳೆಯ ನಿರ್ಧಾರ. ನಿಮ್ಮ ಆತಂಕವೂ ನ್ಯಾಯವಾದದ್ದೇ. ದಾರಿಯ ಪ್ರತಿಯನ್ನು ನಿಮಗೆ ಕಳಿಸಿ, ಮೊಬೈಲಿನಲ್ಲಿ ಲೈವ್ ಲೊಕೇಶನ್ ಹಾಕಿಕೊಳ್ಳಲಿ. ಮರಳುವ ಹೊತ್ತಿನ ಜೊತೆಗೆ ‘ಇಷ್ಟು ಗಂಟೆಯವರೆಗೆ ಸುದ್ದಿಯಿಲ್ಲದಿದ್ದರೆ ವಿಚಾರಿಸಿ’ ಎಂಬ ಇನ್ನೊಂದು ಹೊತ್ತನ್ನೂ ಇಬ್ಬರೂ ಸೇರಿ ನಿಗದಿ ಮಾಡಿ. ಅಲ್ಲಿಯವರೆಗೆ ಫೋನ್ ಮಾಡದಿರಿ, ತುಳಿಯುವಾಗ ಫೋನ್ ತೆಗೆಯುವುದೇ ಅಪಾಯ. ದಾರಿಯ ನಡುವೆ ಸವಾರಿ ನಿಲ್ಲಿಸಿ ರೈಲೋ ಬಸ್ಸೋ ಹಿಡಿಯಬಹುದಾದ ಎರಡು ಮೂರು ಊರುಗಳನ್ನು ಮೊದಲೇ ಆರಿಸಿಟ್ಟುಕೊಳ್ಳಲಿ.

ಮೂರು ಮಾತು ಮಾತ್ರ ಗಟ್ಟಿಯಾಗಿ ಹೇಳಿ. ಲಾರಿ ಮತ್ತು ರಸ್ತೆಯಂಚಿನ ನಡುವಿನ ಸಂದಿಗೆ, ಸಿಗ್ನಲ್‌ನಲ್ಲಿ ನಿಂತ ಲಾರಿಯಾದರೂ, ಎಂದೂ ನುಗ್ಗಬಾರದು. ಅಲ್ಲಿ ಚಾಲಕನಿಗೆ ಅವಳು ಕಾಣುವುದೇ ಇಲ್ಲ. ಹಗಲಲ್ಲೇ ಬರುವ ಲೆಕ್ಕವಿದ್ದರೂ ಹಿಂದೆ ಮುಂದೆ ದೀಪ, ಕಾಲಿನ ಗೆಣ್ಣಿಗೆ ಪ್ರತಿಫಲಿಸುವ ಪಟ್ಟಿ ಇರಲೇಬೇಕು. ಪೆಡಲ್ ಜೊತೆ ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡು, ಮುಂದಿರುವುದು ಮನುಷ್ಯ ಎಂದು ಚಾಲಕರು ಬೇಗ ಗುರುತಿಸುತ್ತಾರೆ. ಇನ್ನೊಂದನ್ನು ಅನುಭವಿಗಳೂ ಮರೆಯುತ್ತಾರೆ: ಮುಳುಗುವ ಸೂರ್ಯನಿಗೆ ಮುಖ ಮಾಡಿ ಮನೆಗೆ ಬರುವ ದಾರಿ ಬೇಡ. ಹಿಂದಿನಿಂದ ಬರುವ ಚಾಲಕನ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ. ಬೆಳಿಗ್ಗೆ ಪಶ್ಚಿಮಕ್ಕೆ ಹೋಗಿ ಸಂಜೆ ಪೂರ್ವಕ್ಕೆ ಮರಳುವಂತಿದ್ದರೆ ಎರಡೂ ಹೊತ್ತು ಸೂರ್ಯ ಬೆನ್ನ ಹಿಂದಿರುತ್ತಾನೆ. ಗಾಳಿಯೂ ಅದಕ್ಕೆ ಹೊಂದದಿದ್ದಾಗ ನಾನಾದರೆ ಗಾಳಿಯನ್ನು ಬಿಟ್ಟು ಬೆಳಕನ್ನೇ ಆರಿಸುತ್ತೇನೆ.

ಪ್ರಶ್ನೆ: ಎರಡು ಗಂಟೆ ತುಳಿದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ.

ಉತ್ತರ: ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಭಾರ ಬೀಳುತ್ತಿದೆ. ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ. ಬಾಗಿದ್ದರೆ ಮೈ ಮುಂದಕ್ಕೆ ಜಾರಿ ತೂಕವೆಲ್ಲ ಕೈಗೆ ಬರುತ್ತದೆ. ಮಟ್ಟವಾಗಿಸಿ. ಹ್ಯಾಂಡಲ್ ತುಂಬ ಕೆಳಗೋ ದೂರವೋ ಇದ್ದರೆ ಸ್ವಲ್ಪ ಎತ್ತರಿಸಿ, ಹತ್ತಿರ ತನ್ನಿ. ಕೆಲವು ನಿಮಿಷಕ್ಕೊಮ್ಮೆ ಹಿಡಿತ ಬದಲಿಸುತ್ತಿರಿ, ಮೊಣಕೈ ಸ್ವಲ್ಪ ಮಡಿಸಿರಲಿ. ಸವಾರಿ ಮುಗಿದು ಒಂದೆರಡು ದಿನವಾದರೂ ಜೋಮು ಬಿಡದಿದ್ದರೆ, ಅಥವಾ ಬೆರಳಿನಲ್ಲಿ ಬಲ ಕುಂದಿದರೆ, ವೈದ್ಯರಿಗೆ ತೋರಿಸಿ.