ಒಂದೇ ಸ್ಕ್ರಿಪ್ಟ್, ಎರಡು ಆವೃತ್ತಿ

ಪ್ರಶ್ನೆ: ನನ್ನ ಬಳಿ ಬಹಳ ಹಿಂದೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ‘ಜಿಟಿಎ: ಸ್ಯಾನ್ ಆಂಡ್ರಿಯಾಸ್’ ಆಟದ 3.0 ಆವೃತ್ತಿಯಿದೆ. ಆಟವನ್ನು ಬದಲಿಸುವ ಸ್ಕ್ರಿಪ್ಟ್‌ಗಳನ್ನು, ಅಂದರೆ ಪುಟ್ಟ ಆದೇಶ ಫೈಲ್‌ಗಳನ್ನು, ಓಡಿಸುವ ಕ್ಲಿಯೊ ತಂತ್ರಾಂಶವನ್ನು ಅದಕ್ಕೆ ಹಾಕಿಕೊಂಡಿದ್ದೇನೆ. ಕೆಲವು ಸ್ಕ್ರಿಪ್ಟ್‌ಗಳು ಸರಿಯಾಗಿ ಓಡುತ್ತವೆ, ಇನ್ನು ಕೆಲವನ್ನು ಹಾಕಿದ ಕೂಡಲೇ ಆಟ ಕ್ರ್ಯಾಷ್ ಆಗುತ್ತದೆ. ಗೆಳೆಯನ ಹಳೆಯ ಡಿವಿಡಿ ಪ್ರತಿಯಲ್ಲಿ ಅವೇ ಸ್ಕ್ರಿಪ್ಟ್‌ಗಳಿಗೆ ಯಾವ ತೊಂದರೆಯೂ ಇಲ್ಲ. ಕಾರಣವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದೋಷ ನಿಮ್ಮ ಕಂಪ್ಯೂಟರಿನದಲ್ಲ. ಎರಡು ಪ್ರತಿಗಳಲ್ಲಿ ಆಟದ ಮುಖ್ಯ ಪ್ರೋಗ್ರಾಂ ಫೈಲ್ ಒಂದೇ ಆಗಿಲ್ಲ. 2005ರ ಜೂನ್‌ನಲ್ಲಿ ಪಿಸಿಗೆ ಬಂದ 1.0 ಆವೃತ್ತಿಯೊಳಗೆ ಕಾಣದಂತೆ ಉಳಿದುಹೋಗಿದ್ದ ಲೈಂಗಿಕ ದೃಶ್ಯವನ್ನು ‘ಹಾಟ್ ಕಾಫಿ’ ಎಂಬ ಮಾಡ್ (ಆಟವನ್ನು ಮಾರ್ಪಡಿಸಲು ಹೊರಗಿನವರು ಮಾಡಿದ ಫೈಲ್) ತೆರೆದು ತೋರಿಸಿದ ಮೇಲೆ ಅಮೆರಿಕದಲ್ಲಿ ದೊಡ್ಡ ವಿವಾದವೆದ್ದು, ಜುಲೈನಲ್ಲಿ ಆಟಕ್ಕೆ ‘ವಯಸ್ಕರಿಗೆ ಮಾತ್ರ’ ಎಂಬ ರೇಟಿಂಗ್ ಬಿತ್ತು. ರಾಕ್‌ಸ್ಟಾರ್ ಸಂಸ್ಥೆ ಆ ಭಾಗವನ್ನು ತೆಗೆದು ಆಟವನ್ನು ಮತ್ತೆ ಹೊರತಂದಿತು. ಹೀಗೆ ಪ್ರತಿ ಬಾರಿ ಪ್ರೋಗ್ರಾಂ ಹೊಸದಾಗಿ ಸಿದ್ಧವಾದಾಗಲೂ ಮೆಮೊರಿಯಲ್ಲಿ ಅದರ ಮಾಹಿತಿ ಕೂರುವ ವಿಳಾಸಗಳು ಜರುಗಿದವು. ನಿಮ್ಮ 3.0 ಹೀಗೆ ನಂತರ ಬಂದದ್ದು, ಗೆಳೆಯನ ಹಳೆಯ ಡಿವಿಡಿ ಬಹುಶಃ 1.0. ನಿಮ್ಮ ತೊಂದರೆಯ ಮೂಲ ಇಲ್ಲಿದೆ.

ಆಟಗಾರನ ಹಣವನ್ನೇ ನೋಡಿ. ಹಣ ಕೂಡಿಸಲು ಆಟದಲ್ಲಿಯೇ 0109 ಎಂಬ ಆಪ್‌ಕೋಡ್, ಅಂದರೆ ಆದೇಶದ ಸಂಖ್ಯೆ, ಇದೆ. ಅದನ್ನು ಬಳಸಿದ ಸ್ಕ್ರಿಪ್ಟ್, ಹಣ ಎಲ್ಲಿದೆ ಎಂಬುದನ್ನು ಆಟಕ್ಕೇ ಬಿಡುವುದರಿಂದ, ನಿಮ್ಮಲ್ಲೂ ನಿಮ್ಮ ಗೆಳೆಯನಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ. ಆದರೆ ಅದೇ ಕೆಲಸವನ್ನು, 1.0 ಅಮೆರಿಕನ್ ಆವೃತ್ತಿಯಲ್ಲಿ ಹಣವಿರುವ ಬಿ7ಸಿಇ50 ಎಂಬ ವಿಳಾಸಕ್ಕೆ ನೇರವಾಗಿ ಸಂಖ್ಯೆ ಬರೆದು ಮಾಡುವ ಸ್ಕ್ರಿಪ್ಟ್ ನಿಮ್ಮ ಆವೃತ್ತಿಯಲ್ಲಿ ಬೇರೆ ಯಾವುದೋ ಮಾಹಿತಿಯನ್ನು ಅಳಿಸಿಬಿಡಬಹುದು. ಆಗ ಆಟ ತಕ್ಷಣ ನಿಲ್ಲಬಹುದು, ಅರ್ಧ ಗಂಟೆಯ ನಂತರವೂ ನಿಲ್ಲಬಹುದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಆಗ ಸಂಶಯ ಬೇರೆ ಮಾಡ್‌ನ ಮೇಲೆ ಹೋಗುತ್ತದೆ.

ಸ್ಕ್ರಿಪ್ಟ್ ಹಾಕುವ ಮೊದಲೇ ಇದನ್ನು ಪರೀಕ್ಷಿಸಲು ಸಾಧ್ಯ. ಸ್ಕ್ರಿಪ್ಟ್‌ನ ಆದೇಶಗಳನ್ನು ಓದಿ ತಿದ್ದಲು ಬಳಸುವ ‘ಸ್ಯಾನಿ ಬಿಲ್ಡರ್’ ತಂತ್ರಾಂಶದಲ್ಲಿ ಆ ಫೈಲನ್ನು ತೆರೆದು, ಮೆಮೊರಿಗೆ ಬರೆಯುವ 0ಎ8ಸಿ, ಮೆಮೊರಿಯನ್ನು ಓದುವ 0ಎ8ಡಿ ಮತ್ತು ವಿಳಾಸ ಹಿಡಿದು ಫಂಕ್ಷನ್ ಕರೆಯುವ 0ಎಎ5 ಇವೆಯೇ ಎಂದು ಹುಡುಕಿ. ಇವು ಯಾವುವೂ ಇಲ್ಲದಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಇದ್ದರೆ, ಮೊದಲಲ್ಲೇ 0ಎಎ9 ಎಂಬ ಸಾಲಿದೆಯೇ ನೋಡಿ. ಅದು ಓಡುತ್ತಿರುವ ಆಟ 1.0 ಹೌದೋ ಅಲ್ಲವೋ ಎಂದು ಕೇಳುವ ಆದೇಶ, ಜವಾಬ್ದಾರಿಯುಳ್ಳ ಲೇಖಕರು ಅಲ್ಲ ಎಂಬ ಉತ್ತರ ಬಂದರೆ ಸ್ಕ್ರಿಪ್ಟನ್ನು ಅಲ್ಲಿಗೇ ಮುಗಿಸಿರುತ್ತಾರೆ. ಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರೂ ಈ ಒಂದು ಸಾಲನ್ನು ಸೇರಿಸಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಮೊಬೈಲ್ ಆವೃತ್ತಿ ಮತ್ತು 2021ರ ಡೆಫಿನಿಟಿವ್ ಎಡಿಶನ್‌ಗಳಿಗೆ ವಿಳಾಸ ನಂಬಿದ ಈ ಹಳೆಯ ಸ್ಕ್ರಿಪ್ಟ್‌ಗಳನ್ನು ಹಾಕಲೇಬೇಡಿ.

ಹೆಚ್ಚು ಮಾಡ್‌ಗಳನ್ನು ಬಳಸುವ ಇಚ್ಛೆಯಿದ್ದರೆ, ನೀವು ಕೊಂಡ ಪ್ರತಿಯನ್ನೇ ಹಳೆಯ 1.0 ಆವೃತ್ತಿಗೆ ಬದಲಿಸಿಕೊಳ್ಳುವುದು (ಡೌನ್‌ಗ್ರೇಡ್) ಒಳ್ಳೆಯದು, ಏಕೆಂದರೆ ಬಹುಪಾಲು ಸ್ಕ್ರಿಪ್ಟ್‌ಗಳು ಅದಕ್ಕಾಗಿಯೇ ಬರೆದವು. ಅದಕ್ಕೂ ಮೊದಲು ಆಟದ ಇಡೀ ಫೋಲ್ಡರನ್ನೂ ಸೇವ್ ಫೈಲ್‌ಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ, ಮತ್ತು ಬದಲಿಸಿದ ಮೇಲೆ ಹೊಸ ಆಟವನ್ನೇ ಆರಂಭಿಸಿ.