ಮಿಕ್ಸಿ ಸದ್ದಿಗೆ ಬೆಚ್ಚುವ ಮಗುವಿಗೆ ತೋಟದ ಬದುಕು ಸಾಕೇ?

ಈ ವಾರ ಓದುಗರ ಪ್ರಶ್ನೆಗೆ ಉತ್ತರ: ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ, ಆಟಗಳ ಮೂಲಕ ಚಿಕಿತ್ಸೆ ಕೊಡುವವರು)

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ಮಗನಿಗೆ 5 ವರ್ಷ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಅಳು. ಯೂನಿಫಾರ್ಮ್ ಹಾಕಿದ ಕೂಡಲೇ ಕಿತ್ತೆಸೆಯುತ್ತಾನೆ. ಊಟವೆಂದರೆ ಬಿಳಿ ಅನ್ನ, ಮೊಸರು, ಅಕ್ಕಿ ರೊಟ್ಟಿ. ಪಲ್ಯ ತಾಗಿದರೆ ತಟ್ಟೆ ಬಿಟ್ಟು ಏಳುತ್ತಾನೆ. ಅದೇ ಹುಡುಗ ಜಗಲಿಯಿಂದ ಹತ್ತಾರು ಸಲ ಧುಮುಕುತ್ತಾನೆ, ಗೋಡೆಗೆ ಹೋಗಿ ಗುದ್ದಿಕೊಳ್ಳುತ್ತಾನೆ. ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ. ಮಾತು ಚೆನ್ನಾಗಿ ಬರುತ್ತದೆ, ಆದರೆ ಬೇರೆ ಮಕ್ಕಳ ಜೊತೆ ಸೇರುವುದಿಲ್ಲ. ಅತ್ತೆ ಇದನ್ನು ಹಠ ಅನ್ನುತ್ತಾರೆ. ಪರಿಚಯದವರೊಬ್ಬರು ಹಾಲು, ಗೋಧಿ ನಿಲ್ಲಿಸಿ, ಚುಚ್ಚುಮದ್ದು ಹಾಕಿಸಬೇಡಿ, ನಾನು ಕೊಡುವ ಪುಡಿ ತಿನ್ನಿಸಿ ಅನ್ನುತ್ತಿದ್ದಾರೆ. ಮಣ್ಣು, ನೀರು, ಗಾಳಿಯಲ್ಲಿ ಬೆಳೆಸಿದರೆ ಸರಿಹೋಗುತ್ತಾನೆಯೇ?

ಉತ್ತರ: ಇದನ್ನು ಮೊದಲು ನಿಮ್ಮ ಅತ್ತೆಗೇ ಓದಿ ಹೇಳಿ. ಹಠ ಮಾಡುವ ಮಗು ಅಳುತ್ತಲೇ ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತಿರುತ್ತದೆ, ಬೇಕಾದ್ದು ಸಿಕ್ಕಿದರೆ ಸುಮ್ಮನಾಗುತ್ತದೆ. ನಿಮ್ಮ ಮಗ ಯಾರೂ ನೋಡದಿದ್ದರೂ ಮಿಕ್ಸಿಯಿಂದ ಓಡುತ್ತಾನೆ. ನಮಗೆ ಬರೀ ಗದ್ದಲವಾದದ್ದು ಅವನಿಗೆ ನೋವಿನ ಹಾಗೆ ತಾಗುತ್ತಿರಬಹುದು. ಬೈದು ಕೂರಿಸಿದರೆ ಸದ್ದಿನ ಭಯದ ಜೊತೆ ಮನೆಯವರ ಭಯವೂ ಸೇರುತ್ತದೆ.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಲ್ಲರಿಗೂ ಗೊತ್ತು. ಇನ್ನೆರಡು ಇಂದ್ರಿಯಗಳಿವೆ: ಒಳಗಿವಿಯಲ್ಲಿರುವ ಸಮತೋಲನದ ಅರಿವು, ಸ್ನಾಯು ಮತ್ತು ಕೀಲುಗಳು ಮಿದುಳಿಗೆ ಕಳಿಸುವ ಮೈಯ ಅರಿವು. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1970ರ ದಶಕದಲ್ಲಿ ಈ ಎರಡಕ್ಕೆ ಒತ್ತು ಕೊಟ್ಟು ಒಂದು ಚಿಕಿತ್ಸಾ ಕ್ರಮವನ್ನೇ ರೂಪಿಸಿದರು. ಒಂದೇ ಮಗುವಿನಲ್ಲಿ ಕಿವಿ, ಚರ್ಮ ಅತಿ ಸೂಕ್ಷ್ಮವಾಗಿದ್ದು, ಸ್ನಾಯು ಕೀಲುಗಳು ಮಾತ್ರ ಇನ್ನೂ ಬೇಕು ಎನ್ನುತ್ತಿರಬಹುದು. ನಿಮ್ಮವನು ಧುಮುಕುವುದು, ಗುದ್ದಿಕೊಳ್ಳುವುದು ಆ ಹಸಿವಿಗಾಗಿಯೇ ಎಂದು ನನಗೆ ಅನ್ನಿಸುತ್ತದೆ.

ಆ ಹಸಿವಿಗೆ ನಿಮ್ಮ ಮನೆಯಲ್ಲೇ ಬೇಕಾದಷ್ಟಿದೆ. ಪೇಟೆಯ ತಂದೆ ತಾಯಿ ದುಡ್ಡು ಕೊಟ್ಟು ಒಂದು ಗಂಟೆ ಪಡೆಯುವುದು ನಿಮಗೆ ದಿನವಿಡೀ ಸಿಗುತ್ತದೆ. ತರಗೆಲೆ ತುಂಬಿದ ಸಣ್ಣ ಚೀಲ ಎಳೆಯಲಿ. ಸಣ್ಣ ಬಿಂದಿಗೆಯಲ್ಲಿ ಗಿಡಕ್ಕೆ ನೀರು ಹೊರಲಿ. ಕೊಯ್ಲಿನ ಕಾಲದಲ್ಲಿ ಕಣದ ಕಾಫಿ ಕೆದಕಲಿ. ರೊಟ್ಟಿ ಹಿಟ್ಟು ನಾದಲಿ. ಎಳೆಯುವುದು, ತಳ್ಳುವುದು, ಹೊರುವುದು ಹೆಚ್ಚಿನ ಮಕ್ಕಳನ್ನು ತಣ್ಣಗೆ ಮಾಡುತ್ತದೆ. ಭಾರ ಅವನ ತೂಕದ ಹತ್ತರಲ್ಲಿ ಒಂದು ಪಾಲು ಮೀರದಿರಲಿ. 16 ಕಿಲೋ ಹುಡುಗನಿಗೆ ಒಂದೂವರೆ ಕಿಲೋ ಸಾಕು. ಶಾಲೆಗೆ ಹೊರಡುವ ಮೊದಲು ಹದಿನೈದು ನಿಮಿಷ, ಸಂಜೆ ಬಂದ ಮೇಲೆ ಅರ್ಧ ಗಂಟೆ, ದಿನವೂ ಅದೇ ಹೊತ್ತಿಗೆ. ಭಾನುವಾರ ಒಂದೇ ದಿನ ಮೂರು ಗಂಟೆ ದಣಿಸುವುದಕ್ಕಿಂತ ಇದು ಮೇಲು.

ಜೋಕಾಲಿ ಕಟ್ಟಿ, ಆದರೆ ಹಲಗೆಯದು. ಸೀರೆಯ ಜೋಲಿ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಹಿಂದೆ ಮುಂದೆ ನಿಧಾನ ತೂಗುವುದು ಶಾಂತ ಮಾಡುತ್ತದೆ. ಹಗ್ಗ ತಿರುಚಿ ಗರಗರ ಸುತ್ತಿಸಿದರೆ ಉದ್ರೇಕ ಹೆಚ್ಚಿ ಬಹಳ ಹೊತ್ತು ಉಳಿಯಬಹುದು. ಎಣ್ಣೆ ಹಚ್ಚುವಾಗ ಬೆರಳ ತುದಿಯಿಂದ ಸವರಬೇಡಿ, ಅಂಗೈ ಒತ್ತಿ ಹಚ್ಚಿ. ಹಗುರ ಸ್ಪರ್ಶವೇ ಇಂಥ ಮಕ್ಕಳನ್ನು ಬೆಚ್ಚಿಸುವುದು. ಬೇಡವೆಂದರೆ ಅಂದಿಗೆ ಬಿಡಿ. ಕೆಸರು ಮುಟ್ಟಲು ಒಲ್ಲದವನ ಕೈಯನ್ನು ಕೆಸರಿನಲ್ಲಿ ಅದ್ದಿ ‘ಅಭ್ಯಾಸ’ ಮಾಡಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಣ ರಾಗಿಯಿಂದ ಶುರುಮಾಡಿ, ಆಮೇಲೆ ಒಣ ಮರಳು, ತೇವದ ಮರಳು. ಕೈ ಒರೆಸಿಕೊಳ್ಳಲು ಪಕ್ಕದಲ್ಲೇ ಬಟ್ಟೆ ಇಡಿ. ಯಾವಾಗ ಬೇಕಾದರೂ ಒರೆಸಿಕೊಳ್ಳಬಹುದೆಂಬ ಧೈರ್ಯ ಇದ್ದರೆ ಮಗು ಇನ್ನಷ್ಟು ಮುಟ್ಟುತ್ತದೆ.

ತೋಟವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವಾಗಲಿ ಬೇರೆ ಔಷಧಿಯಾಗಲಿ ಹೊಡೆದ ದಿನಗಳಲ್ಲಿ ಅವನನ್ನು ಗಿಡಗಳ ನಡುವೆ ಬಿಡಬೇಡಿ; ಮೈಲುತುತ್ತದ ಡಬ್ಬ ಬೀಗದೊಳಗಿರಲಿ. ಬರಿಗಾಲು ಅಂಗಳಕ್ಕೆ ಸಾಕು, ತೋಟಕ್ಕೆ ಬೂಟು. ಇಂಬಳ ಕಚ್ಚಿದರೆ ರಕ್ತ ಹೋಗುವುದಷ್ಟೇ, ಆದರೆ ಕೊಕ್ಕೆಹುಳು ಮಣ್ಣಿನಿಂದಲೇ ಕಾಲಿನ ಚರ್ಮದ ಮೂಲಕ ಒಳಗೆ ಹೋಗಿ ರಕ್ತಹೀನತೆ ತರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಉಣುಗು ಕಚ್ಚಿ ಮಂಗನ ಕಾಯಿಲೆ ಬರುವ ಭಯ ನಮ್ಮ ಜಿಲ್ಲೆಯಲ್ಲಿದೆ.

ನಿದ್ದೆಯ ಬಗ್ಗೆ ನನ್ನದೊಂದು ಪ್ರಶ್ನೆ: ಸಂಜೆ ಬೆಲ್ಲದ ಕಾಫಿ ಕೊಡುತ್ತೀರಾ? ನಮ್ಮ ಕಡೆ ಕಾಫಿ ಕುಡಿಯದ ಮಕ್ಕಳು ಕಡಿಮೆ, ಅದಕ್ಕೇ ಕೇಳಿದೆ. ಅದು ನಿದ್ದೆ ಕೆಡಿಸುತ್ತದೆ, ಊಟದ ಜೊತೆ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಅನ್ನ, ಮೊಸರಿನಲ್ಲಿ ಕಬ್ಬಿಣ ಇರುವುದೇ ಅಲ್ಪ. ಕಬ್ಬಿಣ ಕಡಿಮೆಯಾದ ಮಕ್ಕಳು ರಾತ್ರಿ ಕಾಲು ಒದರುತ್ತಾ ಹೊರಳಾಡುವುದುಂಟು. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. ಟಾನಿಕ್ಕನ್ನು ನೀವೇ ತಂದು ಕುಡಿಸಬೇಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಿ.

ಊಟದಲ್ಲಿ ಮುಚ್ಚಿಟ್ಟು ಬೆರೆಸಬೇಡಿ. ಮೊಸರನ್ನದಲ್ಲಿ ಒಮ್ಮೆ ಸೊಪ್ಪು ಸಿಕ್ಕಿದರೆ ಮೊಸರನ್ನವನ್ನೂ ಬಿಟ್ಟಾನು. ಅವನು ತಿನ್ನುವುದರಿಂದ ಒಂದೇ ಹೆಜ್ಜೆ ಮುಂದೆ ಹೋಗಿ: ಅಕ್ಕಿ ರೊಟ್ಟಿ ಇಷ್ಟವಾದರೆ ಅದೇ ಹಿಟ್ಟಿಗೆ ಒಂದು ಚಮಚ ರಾಗಿ, ಅದೂ ಅವನ ಕಣ್ಣೆದುರೇ, ಅವನ ಕೈಯಲ್ಲೇ ಹಾಕಿಸಿ. ಪಲ್ಯ ಬೇರೆ ಬಟ್ಟಲಿನಲ್ಲಿ, ಅವನ ತಟ್ಟೆಯಿಂದ ದೂರ ಇರಲಿ. ಮೊದಲ ವಾರ ನೋಡಿದರೆ ಸಾಕು.

ಯೂನಿಫಾರ್ಮ್ ನಾಲ್ಕಾರು ಸಲ ಒಗೆದು ಮೆತ್ತಗಾದ ಮೇಲೆ ಹಾಕಿ, ಲೇಬಲ್ ಕತ್ತರಿಸಿ. ಮಿಕ್ಸಿ ಹಾಕುವ ಮೊದಲು ಹೇಳಿ, ಸ್ವಿಚ್ಚನ್ನು ಅವನ ಕೈಯಲ್ಲೇ ಒತ್ತಿಸಿ ನೋಡಿ. ಮಳೆಗಾಲದಲ್ಲಿ ಮೇಲೆ ಅಟ್ಟವಿರುವ ಕೋಣೆಗೆ ಅವನ ಹಾಸಿಗೆ ಬದಲಿಸಿ. ಕಿವಿಗೆ ಇಯರ್ ಮಫ್ ಹಾಕಬಹುದು, ಆದರೆ ದಿನವಿಡೀ ಬೇಡ. ಸದಾ ಮುಚ್ಚಿದ ಕಿವಿಗೆ ಸಣ್ಣ ಸದ್ದೂ ದೊಡ್ಡದಾಗುತ್ತದೆ.

ಇನ್ನು ಆ ಪರಿಚಯದವರ ಮೂರು ಸಲಹೆ. ಮೂರನ್ನೂ ಬಿಡಿ. ಹಾಲು, ಗೋಧಿ ಬಿಟ್ಟರೆ ಇಂಥ ತೊಂದರೆ ಹೋಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಮೂರೇ ಪದಾರ್ಥ ತಿನ್ನುವವನಿಂದ ಮೊಸರನ್ನೂ ಕಿತ್ತುಕೊಂಡರೆ ಉಳಿಯುವುದೇನು? ಲಸಿಕೆಯಿಂದ ಆಟಿಸಂ (ಬೇರೆಯವರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಬರುತ್ತದೆ ಎಂಬ ಗುಲ್ಲಿಗೆ ಕಾರಣವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. 5 ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್ ಆಗಿರದಿದ್ದರೆ ಈ ವಾರವೇ ಹಾಕಿಸಿ. ಏನಿದೆಯೆಂದು ಬರೆದಿರದ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಪತ್ತೆಯಾದದ್ದುಂಟು. ಎರಡೂ ಬೆಳೆಯುವ ಮಿದುಳಿಗೆ ವಿಷ.

ತೋಟದ ಬದುಕು ಸಾಕೇ ಎಂದಿರಿ. ಸಾಲದು. ಬೇರೆ ಮಕ್ಕಳ ಜೊತೆ ಸೇರುವುದಿಲ್ಲ ಎಂಬ ನಿಮ್ಮ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಇಂದ್ರಿಯಗಳ ಅತಿಸೂಕ್ಷ್ಮತೆ ಆಟಿಸಂನ ಲಕ್ಷಣವೂ ಆಗಿರಬಹುದು, ಅದಿಲ್ಲದ ಮಕ್ಕಳಲ್ಲೂ ಇರಬಹುದು. ಪತ್ರ ಓದಿ ಹೇಳಲಾಗದು, ನೋಡಿಯೇ ಹೇಳಬೇಕು. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಅಂಗನವಾಡಿ ಅಥವಾ ಶಾಲೆಗೆ ಬರುವ ತಂಡದವರನ್ನು ಕೇಳಿದರೆ ಮುಂದಿನ ಪರೀಕ್ಷೆಗೆ ಎಲ್ಲಿಗೆ ಹೋಗಬೇಕೆಂದು ಬರೆದುಕೊಡುತ್ತಾರೆ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆಯೂ ಆಟಿಸಂ ತಪಾಸಣೆಯೂ ಆಗುತ್ತವೆ. ಹೋಗುವ ಮೊದಲು ಎರಡು ವಾರ ಬರೆದಿಡಿ: ಯಾವ ಹೊತ್ತು, ಏನಾಯಿತು, ಯಾವುದರಿಂದ ಸುಮ್ಮನಾದ.

ಪ್ರಶ್ನೆ: ಮೊಮ್ಮಗಳಿಗೆ 7 ವರ್ಷ. ಮದುವೆ ಮನೆಯಲ್ಲಿ ಗಟ್ಟಿಮೇಳ ಶುರುವಾದರೆ ಚೀರಿ ಅಳುತ್ತಾಳೆ. ಮುಂದಿನ ತಿಂಗಳು ಬೇಲೂರಿನಲ್ಲಿ ನಮ್ಮದೇ ಮನೆಯ ಮದುವೆ. ಅವಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಉತ್ತರ: ಬಿಟ್ಟು ಹೋಗಬೇಡಿ. ಹಿಂದಿನ ದಿನವೇ ಖಾಲಿ ಛತ್ರಕ್ಕೆ ಕರೆದೊಯ್ದು ಊಟದ ಹಾಲ್, ಮಂಟಪ, ಹೊರಗೆ ಹೋಗುವ ಬಾಗಿಲು ತೋರಿಸಿ. ಸದ್ದು ತಟ್ಟದ ಒಂದು ಕೋಣೆ ಗೊತ್ತುಮಾಡಿ, ಅವಳಿಷ್ಟದ ಹೊದಿಕೆ ಅಲ್ಲಿಡಿ. ಅವಳು ನಿಮ್ಮ ಕೈ ಎರಡು ಸಲ ಒತ್ತಿದರೆ ಹೊರಗೆ ಹೋಗೋಣ ಎಂದು ಅವಳ ಜೊತೆ ಮಾತಾಡಿಕೊಳ್ಳಿ. ಒತ್ತಿದ ಕೂಡಲೇ ಎದ್ದುಬಿಡಿ, ಇನ್ನೈದು ನಿಮಿಷ ಅನ್ನಬೇಡಿ. ಮುಹೂರ್ತದ ಹೊತ್ತಿಗೆ ಅವಳ ಜೊತೆ ಅಂಗಳದಲ್ಲಿ ಇರುವವರು ಯಾರೆಂದು ಈಗಲೇ ತೀರ್ಮಾನಿಸಿ. ಅಕ್ಷತೆಯನ್ನು ಅವಳು ವಾದ್ಯ ನಿಂತ ಮೇಲೆ ಬಂದು ಹಾಕಲಿ.